ಫೆರೂಜಾಳ ಮೊಟ್ಟೆ ಹಾಳೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗೌರಿಬಿದನೂರಿಗೆ ಬಂದು ಹಲವು ವರ್ಷಗಳಾದವು. ಮೈಮೇಲೆ ದೇವರು ಬಂತು, ಕಣ್ಣು ತಾಗಿತು, ಕನಸಿನಲ್ಲಿ ಕಂಡದ್ದು ಬೆಳಿಗ್ಗೆ ನಡೆಯಿತು ಎಂದು ಯಾರಾದರೂ ಹೇಳತೊಡಗಿದರೆ ಅವರ ಮಾತು ಮುಗಿಯುವ ಮೊದಲೇ ಅಡ್ಡಬಾಯಿ ಹಾಕುವುದು ನನ್ನ ಚಾಳಿ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗಲೆಲ್ಲ ಅಮ್ಮ ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ದಾರ ಕಟ್ಟಿಸುತ್ತಿದ್ದಳು. ಕಾಲೇಜು ಸೇರಿದ ಮೇಲೆ, ಜ್ವರ ಇಳಿದದ್ದು ಮಾತ್ರೆಯಿಂದ ಎಂದು ಅವಳೊಂದಿಗೆ ಜಗಳವಾಡಿ ಅವಳ ಕಣ್ಣಲ್ಲಿ ನೀರು ತರಿಸಿದ್ದೂ ಉಂಟು. ಅಂಥವಳು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ವಿಷಯವನ್ನು ನಾನು ಒಮ್ಮೆಯೂ ಎತ್ತಿಲ್ಲ. ನನ್ನನ್ನು ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ ಇದ್ದೇ ಇದೆ. ಆದರೆ ನಿಜವಾದ ಕಾರಣ ಬೇರೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿದೆ, ಅದನ್ನು ಮುಚ್ಚಿಟ್ಟು ಇದನ್ನು ಹೇಳಲು ಬರುವುದಿಲ್ಲ.

ಎರಡು ಸಾವಿರದ ನಾಲ್ಕರ ಸುಮಾರು. ಆಗ ನಾನು ಶಿಡ್ಲಘಟ್ಟದ ಹೊರವಲಯದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಖಾಸಗಿ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಗೂಡಿನಿಂದ ಹೊರಬಂದ ಚಿಟ್ಟೆಗಳನ್ನು ಜೋಡಿ ಮಾಡಿಸಿ, ದಪ್ಪ ಹಾಳೆಯ ಮೇಲೆ ಮೊಟ್ಟೆ ಇಡಿಸಿ, ತಾಯಿ ಚಿಟ್ಟೆಗೆ ರೋಗವಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಹಾಳೆಗಳನ್ನು ರೈತರಿಗೆ ಕೊಡುವುದು ಅಲ್ಲಿನ ಕೆಲಸ. ರೈತರು ನನ್ನನ್ನು ‘ಮೇಡಮ್ಮ’ ಎನ್ನುತ್ತಿದ್ದರು. ಬಿ.ಎಸ್ಸಿ. ಮುಗಿಸಿ ನಾಲ್ಕು ವರ್ಷವಾಗಿದ್ದ ನನಗೆ ಆ ಕರೆ ಸ್ವಲ್ಪ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಫೆರೂಜಾ ಅಲ್ಲಿಗೆ ಬಂದದ್ದು ಓದಿನ ಕೊನೆಯ ಎಂಟು ತಿಂಗಳಿಗೆ. ಅವಳು ಉಜ್ಬೇಕಿಸ್ತಾನದವಳು. ಅಲ್ಲಿಯೂ ಮನೆಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರಂತೆ. ಸ್ಕಾಲರ್‌ಶಿಪ್ ಸಿಕ್ಕಿ ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ರೇಷ್ಮೆ ಕೃಷಿಯ ಎಂ.ಎಸ್ಸಿ. ಮಾಡುತ್ತಿದ್ದಳು. ಪ್ರಾಜೆಕ್ಟಿಗೆಂದು ಅವಳ ಗೈಡ್ ನಮ್ಮ ಕೇಂದ್ರಕ್ಕೆ ಕಳಿಸಿದ್ದರು. ಇರಲು ಜಾಗ ಸಿಕ್ಕಿದ್ದು ಶಮೀಮ್ ಖಾಲಾ ಅವರ ಮಹಡಿಯ ಕೋಣೆಯಲ್ಲಿ. ಬೀದಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ವಯಸ್ಸಾದ ವಿಧವೆ ಅವರು. ಅವರ ಮನೆಯ ಕೆಳಭಾಗದಲ್ಲಿ ನೂಲು ತೆಗೆಯುವ ಬಿಸಿನೀರ ತೊಟ್ಟಿಗಳಿದ್ದವು. ಬೆಳಗಾದರೆ ಹಬೆ ಮಹಡಿಯವರೆಗೆ ಏರುತ್ತಿತ್ತು, ಜೊತೆಗೆ ಬೆಂದ ಗೂಡಿನ ವಾಸನೆ. ಆ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಈ ಹುಡುಗಿ ಒಂದು ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾಳೆ ಎಂದು ನಾನು ಸಹೋದ್ಯೋಗಿಗಳ ಮುಂದೆ ಧೈರ್ಯವಾಗಿ ಹೇಳಿಬಿಟ್ಟಿದ್ದೆ.

ಅವಳು ಹೋಗಲಿಲ್ಲ. ಮೊದಮೊದಲು ಭಾನುವಾರ ಸಂಜೆ ಐ.ಎಸ್.ಡಿ. ಬೂತಿನಿಂದ ಹೊರಬರುವಾಗ ಅವಳ ಮೂಗು ಕೆಂಪಾಗಿರುತ್ತಿತ್ತು, ನಿಜ. ಆದರೆ ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೇಂದ್ರದ ಬಾಗಿಲಲ್ಲಿ ಇರುತ್ತಿದ್ದಳು. ಖಾಲಾ ಅವರ ಉರ್ದುವಿನಲ್ಲಿ ಕಿತಾಬ್, ದೋಸ್ತ್, ಹವಾ ಎಂದು ತನ್ನೂರಿನ ಮಾತುಗಳೇ ಕೇಳಿಸಿದವೆಂದು ಕುಣಿದಾಡಿದಳು. ಮುದ್ದೆ ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿದವಳು, ಮೂರನೆಯ ವಾರಕ್ಕೆ ಬಸ್ಸಾರಿಗೆ ಮುದ್ದೆ ಅದ್ದಿ ಅಗಿಯದೆ ನುಂಗುವುದನ್ನು ಕಲಿತಳು. ಗೂಡಿನ ಮಾರುಕಟ್ಟೆಯ ರೈತರಿಂದ ತೆಲುಗು, ನಮ್ಮಿಂದ ಕನ್ನಡ. ಎರಡನ್ನೂ ಕಲಸಿ ಅವಳು ಮಾತಾಡಿದರೆ ನಮ್ಮ ಗಡಿಭಾಗದವರ ಮಾತಿಗೂ ಅದಕ್ಕೂ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ.

ಅವಳು ಇಲ್ಲಿ ಬೇರೂರಲು ಕಾರಣ ಒಂದೇ ಎಂದು ನನಗೆ ಅನ್ನಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವಳಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ. ಬಸ್ ಕಂಡಕ್ಟರ್‌ನಿಂದ ಹಿಡಿದು ಸೊಪ್ಪು ಕೊಯ್ಯುವ ಹೆಂಗಸರವರೆಗೆ ಎಲ್ಲರ ಮುಂದೆಯೂ ಅದೇ ಮಾತು: “ನಂಗೊತ್ತಿಲ್ಲ ಅಕ್ಕ, ಹೇಳ್ಕೊಡು.” ಹೀಗೆ ಕೇಳಿದವರಿಗೆ ಯಾರು ಇಲ್ಲ ಎನ್ನುತ್ತಾರೆ? ಇಡೀ ಬೀದಿ ಅವಳಿಗೆ ಮೇಷ್ಟ್ರಾಯಿತು. ತಪ್ಪು ಮಾಡಿದರೂ ಅಷ್ಟೇ, ಮುಖ ಮುಚ್ಚಿಕೊಳ್ಳದೆ ಬಂದು ಹೇಳುತ್ತಿದ್ದಳು. ಖಾಲಾ ಒಮ್ಮೆ ನನಗೆ ಹೇಳಿದರು, “ಈ ಹುಡ್ಗಿ ಬಂದಾಗಿಂದ ನಮ್ಮನೇಲಿ ಸುಳ್ಳು ಹೇಳೋದು ಕಮ್ಮಿ ಆಗೋಯ್ತಮ್ಮ. ಹಾಲು ಚೆಲ್ಲಿದ್ರೂ ಬಂದು ಹೇಳ್ತಾಳೆ, ಬೆಕ್ಕಿನ್ ಮೇಲೆ ಹಾಕಲ್ಲ.”

ಇಂಥವಳ ಪ್ರಾಜೆಕ್ಟಿನ ಕೊನೆಯ ಬೆಳೆಯ ಮೊಟ್ಟೆ ಹಾಳೆ ನನ್ನ ಕೈಗೆ ಬಂತು.

ಇಲ್ಲಿ ಸ್ವಲ್ಪ ಪಾಠ ಹೇಳಲೇಬೇಕು, ಕ್ಷಮಿಸಿ. ಅವಳು ಆರಿಸಿಕೊಂಡಿದ್ದ ತಳಿಯ ಮೊಟ್ಟೆಗಳು ಇಟ್ಟ ಒಂದು ದಿನದೊಳಗೆ ನಿದ್ದೆಗೆ ಜಾರುತ್ತವೆ. ಹಾಗೆ ಬಿಟ್ಟರೆ ತಿಂಗಳುಗಟ್ಟಲೆ ಏಳುವುದಿಲ್ಲ. ಆದ್ದರಿಂದ ನಿದ್ದೆ ಹತ್ತುವ ಮೊದಲೇ ಹಾಳೆಯನ್ನು ಬಿಸಿ ಆ್ಯಸಿಡ್‌ನಲ್ಲಿ ಐದು ನಿಮಿಷ ಅದ್ದಿ, ತೊಳೆದು, ನೆರಳಲ್ಲಿ ಒಣಗಿಸಬೇಕು. ಆಗ ಹತ್ತನೆಯ ದಿನ ಮರಿ ಹೊರಬರುತ್ತದೆ. ಆ್ಯಸಿಡ್‌ಗೆ ಹಾಕುವ ಮೊದಲು, ಮೊಟ್ಟೆಗಳು ಹಾಳೆಗೆ ಗಟ್ಟಿಯಾಗಿ ಅಂಟಲೆಂದು ಫಾರ್ಮಲಿನ್‌ನಲ್ಲೂ ಒಮ್ಮೆ ಅದ್ದುತ್ತೇವೆ. ಎರಡರಿಂದಲೂ ಹಾಳೆ ಒದ್ದೆಯಾಗಿಯೇ ಹೊರಬರುತ್ತದೆ. ನೋಡಲು ಎರಡೂ ಒಂದೇ ತರಹ.

ಆ ದಿನ ಆ್ಯಸಿಡ್ ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ. ಫೆರೂಜಾಳದ್ದು ಒಂದೇ ಹಾಳೆ, ಅದರಲ್ಲಿ ಹನ್ನೆರಡು ಚಿಟ್ಟೆಗಳ ಹನ್ನೆರಡು ಗುಂಡನೆಯ ಮೊಟ್ಟೆ ಬಿಲ್ಲೆಗಳು. ಅದನ್ನು ಫಾರ್ಮಲಿನ್‌ನಿಂದ ತೆಗೆದಿದ್ದೆ. ಅಷ್ಟರಲ್ಲಿ ಆಫೀಸಿಗೆ ಫೋನ್ ಬಂದಿದೆ ಎಂದು ಕರೆದರು. ಹಾಳೆಯನ್ನು ಕೈಗೆ ಸಿಕ್ಕ ತಂತಿಗೆ ನೇತುಹಾಕಿ ಹೋದೆ. ಫೋನಿನಲ್ಲಿ ನನ್ನ ಅಣ್ಣ. ಚಿಂತಾಮಣಿಯಲ್ಲಿ ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಬೇಡವೆಂದರು ಎಂಬ ಸುದ್ದಿ. ವಾಪಸು ಬಂದು ಕೆಲಸ ಮುಂದುವರಿಸಿದೆ. ರಿಜಿಸ್ಟರಿನಲ್ಲಿ ಎಲ್ಲ ಹಾಳೆಗಳಿಗೂ ಬೆಳಿಗ್ಗೆಯೇ ಟಿಕ್ ಹಾಕಿಬಿಡುವ ಕೆಟ್ಟ ಅಭ್ಯಾಸ ನನಗಿತ್ತು, ಆದ್ದರಿಂದ ಅಲ್ಲಿಯೂ ಏನೂ ಗೊತ್ತಾಗಲಿಲ್ಲ. ಫೆರೂಜಾಳ ಹಾಳೆ ತಾನು ಆ್ಯಸಿಡ್ ಕಾಣದೆಯೇ, ಕಂಡ ಹಾಳೆಗಳ ಜೊತೆಯಲ್ಲಿ ತಂತಿಯ ಮೇಲೆ ಒಣಗಿತು.

ನನಗೆ ತಿಳಿದದ್ದು ನಾಲ್ಕನೆಯ ದಿನ. ಉಳಿದ ಹಾಳೆಗಳ ಮೊಟ್ಟೆಗಳು ತಿಳಿಯಾಗಿದ್ದವು. ಇವಳದ್ದು ಮಾತ್ರ ಗಾಢ ಬೂದು ಬಣ್ಣಕ್ಕೆ ತಿರುಗಿತ್ತು. ಅದು ನಿದ್ದೆಯ ಬಣ್ಣ. ಆ ಕೆಲಸದಲ್ಲಿ ಇದ್ದವರಿಗೆ ಎರಡನೆಯ ಸಲ ನೋಡುವ ಅಗತ್ಯವಿಲ್ಲ. ನಾನು ಆದರೂ ಒಂದು ಬಿಲ್ಲೆಯನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ನೋಡಿದ ಮೇಲೆ ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಅಂಗೈ ಬೆವರಿ ಪೊಟ್ಟಣದ ಬಣ್ಣ ಬೆರಳಿಗೆ ಅಂಟಿತ್ತು.

ಅವತ್ತೇ ಹೇಳಿಬಿಟ್ಟಿದ್ದರೆ ಏನೋ ಒಂದು ದಾರಿ ಇತ್ತು. ಹಾಳೆಯನ್ನು ಶೀತಲ ಪೆಟ್ಟಿಗೆಯಲ್ಲಿ ಒಂದೂವರೆ ತಿಂಗಳು ಇಟ್ಟು ಆಮೇಲೆ ಆ್ಯಸಿಡ್ ಕೊಟ್ಟರೆ ಮೊಟ್ಟೆ ಏಳುವ ಸಾಧ್ಯತೆ ಇರುತ್ತದೆ. ಅದಕ್ಕೂ ಆಗಲೇ ತಡವಾಗಿತ್ತು, ಆದರೂ ಪ್ರಯತ್ನವಾದರೂ ಆಗುತ್ತಿತ್ತು. ಆದರೆ ಫೆರೂಜಾಳ ವೀಸಾ ಮುಗಿಯಲು ಎರಡು ತಿಂಗಳೂ ಉಳಿದಿರಲಿಲ್ಲ. ಆ ತಳಿಯ ತಾಯಿ ಚಿಟ್ಟೆಗಳು ಮುಗಿದುಹೋಗಿದ್ದವು, ಬೇರೆ ಮೊಟ್ಟೆ ಸಿಗುವಂತಿರಲಿಲ್ಲ. ಈ ಬೆಳೆ ಕೈಕೊಟ್ಟರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಡಿಗ್ರಿ ಇಲ್ಲ. ಡಿಗ್ರಿ ತಂದರೆ ಮಾತ್ರ ಅವಳೂರಿನ ಕಾಲೇಜಿನಲ್ಲಿ ಅವಳಿಗಾಗಿ ಕಾದಿರಿಸಿದ್ದ ಪಾಠ ಹೇಳುವ ಕೆಲಸ. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬಾಯಿ ಬರಲಿಲ್ಲ. ಅವಳ ಗೈಡ್ ಊರಲ್ಲಿರಲಿಲ್ಲ ಎಂಬುದು ನನಗೊಂದು ನೆಪವಾಯಿತು.

ಫೆರೂಜಾ ಹಾಳೆ ನೋಡಿ ಕೇಳಿದಳು, “ಅಕ್ಕ, ಇಷ್ಟು ಕಪ್ಪಗೆ ಇರುತ್ತಾ?”

“ಈ ತಳಿ ಹಂಗೇ ಕಣೇ,” ಎಂದೆ.

“ಹನ್ನೆರಡು ಇತ್ತಲ್ಲ, ಒಂದೆಲ್ಲಿ?”

“ಆ ಚಿಟ್ಟೆಗೆ ರೋಗ ಇತ್ತು. ಕತ್ತರಿಸಿ ಹಾಕ್ದೆ.”

ಅವಳು ತಲೆಯಾಡಿಸಿ ನೋಟ್ಸಿನಲ್ಲಿ ಬರೆದುಕೊಂಡಳು. ಅವಳು ನನ್ನ ಸುಳ್ಳನ್ನು ದುಂಡಗಿನ ಅಕ್ಷರಗಳಲ್ಲಿ ಬರೆಯುತ್ತಿದ್ದುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ಅದು ಡಿಸೆಂಬರ್. ಬೆಳಗಿನ ಹೊತ್ತು ಹಿತ್ತಲಿನ ಗಿಡಗಳೂ ಕಾಣದಷ್ಟು ಮಂಜು. ಅದೇ ವಾರ ಕೇಂದ್ರದ ಬಳಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಮೊಟ್ಟೆ ಕಾವು ಕೊಡುವ ಕೋಣೆ ತಣ್ಣಗಾಯಿತು. ಉಳಿದ ಹಾಳೆಗಳು ಆಗಲೇ ರೈತರ ಮನೆ ಸೇರಿದ್ದವು, ಇವಳದ್ದೊಂದೇ ಉಳಿದಿತ್ತು. ಫೆರೂಜಾ ಎದೆಗುಂದಲಿಲ್ಲ. ಅವಳ ಅಜ್ಜಿ ವಸಂತ ಬಂದಾಗ ಮೊಟ್ಟೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಕುತ್ತಿಗೆಗೆ ಕಟ್ಟಿ, ಎದೆಯ ಶಾಖದಲ್ಲೇ ಮರಿ ಮಾಡಿಸುತ್ತಿದ್ದಳಂತೆ. ಅವರ ಹಳ್ಳಿಗಳಲ್ಲಿ ಹೆಂಗಸರೆಲ್ಲ ಹಾಗೆಯೇ ಮಾಡುತ್ತಿದ್ದರಂತೆ. ಖಾಲಾ ಅವರ ಹಳೆಯ ಮಲ್ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಹಾಳೆಯನ್ನು ಮಡಿಸಿ ಒಳಗಿಟ್ಟು ಅವಳು ಕುತ್ತಿಗೆಗೆ ಕಟ್ಟಿಕೊಂಡಳು. ಮಲಗುವಾಗಲೂ ತೆಗೆಯಲಿಲ್ಲ. ಖಾಲಾ ಅವಳನ್ನು ಅಡುಗೆಮನೆಯ ಘಾಟಿನ ಹತ್ತಿರವೂ ಬಿಡಲಿಲ್ಲ.

“ಬಸುರಿ ಹೆಂಗಸ್ನ ನೋಡ್ಕೊಂಡಂಗೆ ನೋಡ್ಕೊಳ್ತಾ ಇದ್ದೀನಮ್ಮ,” ಎಂದು ಖಾಲಾ ನಕ್ಕರು. ನನಗೆ ನಗು ಬರಲಿಲ್ಲ.

ಎಂಟನೆಯ ದಿನ ಪ್ರತಿ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣಬೇಕು. ಅದು ಒಳಗಿನ ಮರಿಯ ತಲೆ. ಕಾಣಲಿಲ್ಲ. ಫೆರೂಜಾ ಮೊದಲ ಸಲ ಅಳುಕಿದಳು. ಚಳಿಗೆ ಒಂದೆರಡು ದಿನ ತಡವಾಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅದು ಮೂರನೆಯ ಸುಳ್ಳು. ಊಟ ಸೇರುತ್ತಿರಲಿಲ್ಲ. ಅವಳು ಬೆಳಿಗ್ಗೆ ನಗುತ್ತಾ ಎದುರಾದರೆ ನಾನು ರಿಜಿಸ್ಟರು ತೆಗೆದು ಕುಳಿತುಬಿಡುತ್ತಿದ್ದೆ. ದಿನಗಳು ಕಳೆದಷ್ಟೂ ಹೇಳುವುದು ಕಷ್ಟವಾಗುತ್ತಿತ್ತು, ಹೇಳದೆ ಇರುವುದು ಅದಕ್ಕಿಂತ ಕಷ್ಟವಾಗುತ್ತಿತ್ತು.

ಒಂಬತ್ತನೆಯ ದಿನ ಅವಳು ವೀಸಾ ಕಾಗದದ ಕೆಲಸಕ್ಕೆ ಬೆಂಗಳೂರಿಗೆ ಹೋಗಲೇಬೇಕಿತ್ತು. ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ನಿಂತು, ಕುತ್ತಿಗೆಯಿಂದ ಚೀಲ ತೆಗೆದು ನನ್ನ ಕೈಗಿಟ್ಟಳು. ಅದು ಅವಳ ಮೈಶಾಖಕ್ಕೆ ಬೆಚ್ಚಗಿತ್ತು.

“ಬಸ್ಸಲ್ಲಿ ನೂಕುನುಗ್ಗಲು ಇರುತ್ತೆ ಅಕ್ಕ, ಜಜ್ಜಿ ಹೋಗುತ್ತೆ. ಇವತ್ತೊಂದಿನ ನೀನು ಕಟ್ಕೋ. ಇದು ಮೈಮೇಲೆ ಇದ್ದಾಗ ಜಗಳ ಆಡ್ಬಾರ್ದು, ಮನ್ಸಲ್ಲಿ ಏನೂ ಬಚ್ಚಿಡ್ಬಾರ್ದು ಅಂತಾಳೆ ಅಜ್ಜಿ,” ಎಂದು ಹೇಳಿ, ಆಮೇಲೆ ತಾನೇ ನಕ್ಕು, “ಅಜ್ಜಿ ಮಾತು, ಬಿಡು,” ಎಂದಳು.

ಅವಳು ಬಸ್ಸು ಹತ್ತಿದಳು. ನಾನು ಚೀಲವನ್ನು ಕುತ್ತಿಗೆಗೆ ಕಟ್ಟಿಕೊಂಡು ಚೂಡಿದಾರದ ಒಳಗೆ ಇಳಿಬಿಟ್ಟೆ. ಏಳದ ಮೊಟ್ಟೆಯನ್ನು ಹೊತ್ತು ತಿರುಗುವ ನನ್ನ ಮೇಲೆ ನನಗೇ ಅಸಹ್ಯವಾಯಿತು. ತೆಗೆದು ಮೇಜಿನ ಡ್ರಾಯರಿನಲ್ಲಿ ಇಡಬಹುದಿತ್ತು, ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ. ಆದರೆ ತೆಗೆಯಲಿಲ್ಲ. ಕಟ್ಟಿಕೊಳ್ಳುತ್ತೇನೆಂದು ಒಪ್ಪಿದ್ದೆನಲ್ಲ, ಆ ಮಾತನ್ನಾದರೂ ಉಳಿಸಿಕೊಳ್ಳೋಣ ಎಂಬ ಹಟ.

ಅವತ್ತು ನನಗೆ ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಗೆ ಹೋಗುವ ಕೆಲಸವಿತ್ತು. ನಾವು ಕೊಟ್ಟಿದ್ದ ಹಾಳೆಗಳ ಮೊಟ್ಟೆ ಹೇಗಿದೆ ನೋಡಿ ಬರಬೇಕಿತ್ತು. ಚಿಂತಾಮಣಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಇಳಿದೆ. ರೈತರ ಮನೆಯಲ್ಲಿ ಮೊಟ್ಟೆಗಳು ಚೆನ್ನಾಗಿದ್ದವು, ಪ್ರತಿಯೊಂದರಲ್ಲೂ ಕಪ್ಪು ಚುಕ್ಕೆ. ಅವು ಫೆರೂಜಾಳ ಹಾಳೆಯ ದಿನವೇ ಇಟ್ಟ ಮೊಟ್ಟೆಗಳು, ನಾನೇ ಆ್ಯಸಿಡ್‌ನಲ್ಲಿ ಅದ್ದಿದ್ದವು. ಆ ಮನೆಯ ಅಜ್ಜಿ, “ರೇಪು ಪೊದ್ದುನ್ನೇ ಪಿಲ್ಲಲು ವಸ್ತಾಯಿ ಮೇಡಮ್ಮ,” ಎಂದು ತೆಲುಗಿನಲ್ಲಿ ಸಂತೋಷದಿಂದ ಹೇಳಿದಳು. ನಾಳೆ ಬೆಳಿಗ್ಗೆಗೆ ಮರಿ ಬರುತ್ತವಂತೆ. ಅವಳು ಕೊಟ್ಟ ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ವಾಪಸು ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಡುಮಧ್ಯಾಹ್ನ. ಟಾರು ರಸ್ತೆಯ ಪಕ್ಕದ ಮೋರಿ ಕಟ್ಟೆಯ ಮೇಲೆ ಹುಣಸೆ ಮರದ ನೆರಳಲ್ಲಿ ಕುಳಿತೆ. ಒಂದು ಬದಿಗೆ ಟೊಮ್ಯಾಟೊ ತೋಟ, ಇನ್ನೊಂದು ಬದಿಗೆ ಬೆಟ್ಟದ ಬಂಡೆಗಳು. ಕಣ್ಣಿಗೆ ಕಾಣುವಷ್ಟು ದೂರ ಒಬ್ಬ ಮನುಷ್ಯನೂ ಇರಲಿಲ್ಲ. ಹಗಲು ಬೆಳಕು ಚೆನ್ನಾಗಿತ್ತು, ನನಗೆ ಜ್ವರವಿರಲಿಲ್ಲ, ನಿದ್ದೆಗಣ್ಣಿನಲ್ಲಿ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬೇರೆಯವರು ಹೀಗೆ ಹೇಳಿದ್ದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆಗಳೇ ಇವು.

ಅಲ್ಲಿ ಕುಳಿತು ನಾನು ಅತ್ತೆ. ಅಳು ನಿಂತ ಮೇಲೆ, ಯಾರೂ ಇಲ್ಲವೆಂಬ ಧೈರ್ಯದಿಂದ, ಎದೆಯ ಮೇಲಿನ ಚೀಲವನ್ನು ಬಟ್ಟೆಯ ಮೇಲಿಂದಲೇ ಹಿಡಿದುಕೊಂಡು ನಮ್ಮ ಮನೆಮಾತಾದ ತೆಲುಗಿನಲ್ಲಿ ಮಾತಾಡಿದೆ. ತಪ್ಪು ನಾದೇ, ಎಂದೆ. ತಪ್ಪು ನನ್ನದೇ, ಆ ಹುಡುಗಿಗೆ ಏನೂ ಗೊತ್ತಿಲ್ಲ, ಆ್ಯಸಿಡ್‌ನಲ್ಲಿ ಅದ್ದಲೇ ಇಲ್ಲ, ಮೂರು ಸಲ ಸುಳ್ಳು ಹೇಳಿದೆ, ಅವಳು ನನ್ನನ್ನು ನಂಬಿ ಬರೆದುಕೊಂಡಳು. ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಕೊನೆಗೆ, ಲೇವಂಡಮ್ಮಾ, ಎಂದೆ. ಏಳ್ರಮ್ಮ ಎಂದು. ಬೂದು ಬಣ್ಣದ ಮೊಟ್ಟೆಗಳಿಗೆ, ಬಿ.ಎಸ್ಸಿ. ಓದಿದ ನಾನು.

ಮೊದಲು ಅದು ನನ್ನ ಬಿಕ್ಕಳಿಕೆ ಇರಬೇಕು ಎಂದುಕೊಂಡೆ. ಚೀಲ ಮೆಲ್ಲಗೆ ಏರಿತು, ಇಳಿಯಿತು. ಮತ್ತೆ ಏರಿತು. ಉಸಿರಾಡುವಾಗ ಎದೆ ಏರಿಳಿಯುವುದು ಸಹಜ. ಆದರೆ ಅದು ನನ್ನ ಉಸಿರಿನ ಜೊತೆ ಹೋಗುತ್ತಿರಲಿಲ್ಲ. ನಾನು ಒಳಗೆ ಎಳೆದುಕೊಂಡಾಗ ಅದು ಇಳಿಯುತ್ತಿತ್ತು. ನಾನು ಉಸಿರು ಬಿಗಿಹಿಡಿದೆ. ಅದು ನಿಲ್ಲಲಿಲ್ಲ. ಹೃದಯದ ಬಡಿತವಿರಬೇಕೆಂದು ಮಣಿಕಟ್ಟಿನ ನಾಡಿ ಹಿಡಿದು ನೋಡಿದೆ. ನಾಡಿ ಹೆದರಿಕೆಯಿಂದ ಓಡುತ್ತಿತ್ತು. ಎದೆಯ ಮೇಲಿದ್ದುದು ಓಡುತ್ತಿರಲಿಲ್ಲ. ಗಾಢ ನಿದ್ದೆಯಲ್ಲಿರುವ ಕೂಸು ಉಸಿರಾಡುವ ಹಾಗೆ, ನಿಧಾನವಾಗಿ, ತನ್ನ ಪಾಡಿಗೆ ತಾನು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ತಿಳಿಯದು. ನನ್ನ ಕೈಕಾಲು ತಣ್ಣಗಾಗಿದ್ದವು, ಚೀಲ ಮುಟ್ಟಿದ ಜಾಗ ಮಾತ್ರ ಬಿಸಿಯಾಗಿತ್ತು.

ಕೊನೆಗೆ ದಾರವನ್ನು ಕಿತ್ತೇ ಹೊರತೆಗೆದೆ. ಅಂಗೈಯ ಮೇಲೆ ಇಟ್ಟ ಕೂಡಲೇ ಅದು ಸುಮ್ಮನಾಯಿತು. ಹಾಳೆ ಬಿಡಿಸಿ, ಬ್ಯಾಗಿನಲ್ಲಿದ್ದ ಮಸೂರವನ್ನು ಹಿಡಿದು ಒಂದೊಂದು ಬಿಲ್ಲೆಯನ್ನೂ ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ಅದೇ ಬೂದು ಬಣ್ಣ. ಒಂದೇ ಒಂದು ಮೊಟ್ಟೆಯಲ್ಲೂ ಚುಕ್ಕೆ ಇರಲಿಲ್ಲ. ಒಂದು ಗಂಟೆ ಮೊದಲು ಚುಕ್ಕೆ ಇರುವ ನೂರಾರು ಮೊಟ್ಟೆಗಳನ್ನು ನೋಡಿ ಬಂದಿದ್ದ ಕಣ್ಣು ನನ್ನದು, ಏಮಾರುವಂತಿರಲಿಲ್ಲ. ಹಾಳೆಯನ್ನು ಮತ್ತೆ ಮಡಿಸಿ, ದಾರಕ್ಕೆ ಗಂಟು ಹಾಕಿ ಕುತ್ತಿಗೆಗೆ ಕಟ್ಟಿಕೊಂಡೆ. ಶಿಡ್ಲಘಟ್ಟ ತಲುಪುವವರೆಗೂ ಅದು ಮತ್ತೆ ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಪಕ್ಕದಲ್ಲಿ ಕುಳಿತ ಹೆಂಗಸು ಮೈ ಸರಿ ಇಲ್ವೇನಮ್ಮ ಎಂದು ಎರಡು ಸಲ ಕೇಳಿದಳು.

ಸಂಜೆ ಫೆರೂಜಾ ಬಂದಳು. ಕಾಗದದ ಕೆಲಸ ಆಗಿರಲಿಲ್ಲ, ವೀಸಾ ಒಂದು ದಿನವೂ ಮುಂದೆ ಹೋಗುವುದಿಲ್ಲ ಎಂದಿದ್ದರಂತೆ. ದಣಿದಿದ್ದಳು, ಆದರೂ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಗ ಹೇಳಬೇಕಿತ್ತು. ಹೇಳಲೆಂದೇ ಖಾಲಾ ಮನೆಯ ಮೆಟ್ಟಿಲು ಹತ್ತಿದ್ದೆ. “ಯಾಕಕ್ಕ, ಮುಖ ಹಿಂಗಿದೆ?” ಎಂದಳು. ನಾಳೆ ಬೆಳಿಗ್ಗೆ ಬರ್ತೀನಿ, ಮಾತಾಡೋದಿದೆ ಎಂದಷ್ಟೇ ಹೇಳಿ ಇಳಿದುಬಂದೆ.

ಬೆಳಿಗ್ಗೆ ಆರು ಗಂಟೆಗೆ ಹೊರಟೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ನಡೆದೆ. ಮಂಜಿನಲ್ಲಿ ನೂಲು ತೊಟ್ಟಿಗಳ ಹಬೆ ಬೆರೆತು ಬೀದಿ ಬೆಳ್ಳಗಿತ್ತು. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಖಾಲಾ ನನ್ನನ್ನು ನೋಡಿದ್ದೇ ಎರಡೂ ಕೈ ಎತ್ತಿ ಮೇಲಕ್ಕೆ ತೋರಿಸಿದರು. ಏನೋ ಆಗಬಾರದ್ದು ಆಗಿದೆ ಎಂದುಕೊಂಡು ಓಡಿದೆ.

ಫೆರೂಜಾ ಕಿಟಕಿಯ ಬಳಿ ನೆಲದ ಮೇಲೆ ಕುಳಿತಿದ್ದಳು. ಮುಂದೆ ಬಿದಿರಿನ ಮೊರದಲ್ಲಿ ಹಾಳೆ ಬಿಚ್ಚಿತ್ತು. ಹಾಳೆ ಕಾಣುತ್ತಿರಲಿಲ್ಲ. ಹನ್ನೊಂದು ಬಿಲ್ಲೆಗಳ ಮೇಲೆಯೂ, ಹಾಳೆಯ ಅಂಚಿನಿಂದ ಮೊರಕ್ಕೂ, ಇರುವೆಯಷ್ಟು ಗಾತ್ರದ ಕಪ್ಪು ಮರಿಗಳು ಗಿಜಿಗುಡುತ್ತಿದ್ದವು. ಒಡೆಯದೆ ಉಳಿದ ಮೊಟ್ಟೆಯನ್ನು ಹುಡುಕಬೇಕಿತ್ತು. ಅವಳು ಕಣ್ಣೀರು ಒರೆಸಿಕೊಳ್ಳುತ್ತಾ, ಸಣ್ಣಗೆ ಹೆಚ್ಚಿದ ಎಳೆ ಹಿಪ್ಪುನೇರಳೆ ಸೊಪ್ಪನ್ನು ಉದುರಿಸುತ್ತಿದ್ದಳು. “ನೀನ್ ಹೇಳ್ದಂಗೇ ಆಯ್ತು ಅಕ್ಕ,” ಎಂದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವಳಿಗೆ ಅದು ಸಂತೋಷದಿಂದ ಎಂದು ಕಂಡಿತು. ಎದ್ದುಬಂದು ನನ್ನನ್ನು ಅಪ್ಪಿಕೊಂಡಳು.

ಮಾತಾಡೋದಿದೆ ಅಂದೆಯಲ್ಲ, ಏನು ಎಂದು ಆಮೇಲೆ ಕೇಳಿದಳು. ಏನಿಲ್ಲ ಎಂದೆ.

ಆ ಹುಳುಗಳು ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ಹಂತ, ದಾಟಿ, ಒಂದೂ ರೋಗಕ್ಕೆ ಬೀಳದೆ ಬಿದಿರಿನ ಚಂದ್ರಿಕೆಗೆ ಏರಿ ಗೂಡು ಕಟ್ಟಿದವು. ಅವಳ ಪ್ರಬಂಧ ಸಮಯಕ್ಕೆ ಸರಿಯಾಗಿ ಮುಗಿಯಿತು. ಅವಳು ಹೊರಟ ದಿನ ಖಾಲಾ ಮನೆಯ ಮುಂದೆ ಅರ್ಧ ಬೀದಿ ಸೇರಿತ್ತು. ಪ್ರಬಂಧದ ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಬರೆದಿದ್ದಳು.

ನಾನು ಇದನ್ನು ಎಲ್ಲ ಕಡೆಯಿಂದಲೂ ಯೋಚಿಸಿದ್ದೇನೆ. ಆ ತಳಿಯಲ್ಲಿಯೇ ಕೆಲವೊಮ್ಮೆ ನಿದ್ದೆಗೆ ಹೋಗದ ಮೊಟ್ಟೆಗಳು ಬರುವುದುಂಟು. ಆದರೆ ಅವು ಬೂದು ಬಣ್ಣಕ್ಕೆ ತಿರುಗುವುದಿಲ್ಲ. ನಾನು ಆ್ಯಸಿಡ್‌ನಲ್ಲಿ ಅದ್ದಿ ಮರೆತಿರಬಹುದೇ? ಹಾಗಿದ್ದರೆ ಬೆಂಕಿಪೊಟ್ಟಣದಲ್ಲಿದ್ದ ಹನ್ನೆರಡನೆಯ ಬಿಲ್ಲೆಯೂ ಮರಿಯಾಗಬೇಕಿತ್ತು. ಅದು ಒಂದೇ ಹಾಳೆಯದು, ಒಂದೇ ದಿನದ್ದು. ತಿಂಗಳುಗಟ್ಟಲೆ ಅದು ಹಾಗೆಯೇ ಬೂದಾಗಿದ್ದು ಕೊನೆಗೆ ಒಣಗಿ ಉದುರಿತು. ಮಧ್ಯಾಹ್ನ ಚುಕ್ಕೆಯೇ ಇರದಿದ್ದ ಮೊಟ್ಟೆ ಮರುದಿನ ಬೆಳಿಗ್ಗೆ ಒಡೆಯುವುದು ಯಾವ ಪುಸ್ತಕದಲ್ಲೂ ಇಲ್ಲ. ಇನ್ನು ಆ ಮೋರಿ ಕಟ್ಟೆಯ ಮೇಲೆ ನನ್ನ ಎದೆಯ ಮೇಲೆ ಏರಿಳಿದದ್ದು ಏನು ಎಂಬುದರ ಹತ್ತಿರಕ್ಕೂ ನನ್ನ ವಿಜ್ಞಾನ ಹೋಗುವುದಿಲ್ಲ. ಮನಸ್ಸಿನ ಭ್ರಮೆ ಎನ್ನಬಹುದು. ಮರಿಗಳನ್ನು ಮಾತ್ರ ಖಾಲಾ ನೋಡಿದ್ದಾರೆ, ಫೆರೂಜಾ ನೋಡಿದ್ದಾಳೆ, ಅವುಗಳ ನೂಲನ್ನು ಆ ಬೀದಿಯವರೇ ತೆಗೆದಿದ್ದಾರೆ.

ನಾಲ್ಕೈದು ವರ್ಷಗಳ ಮೇಲೆ, ನಾನು ಗೌರಿಬಿದನೂರಿಗೆ ಬಂದು ಶಾಲೆ ಸೇರಿದ್ದಾಗ, ಅವಳಿಂದ ಒಂದು ಇ-ಮೇಲ್ ಬಂತು. ಇಂಗ್ಲಿಷಿನಲ್ಲಿ ಬರೆದಿದ್ದಳು, ನಡುನಡುವೆ ‘ಅಕ್ಕ’ ಎಂದು. ಈಗ ತನ್ನೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ. ಅವಳ ವಿದ್ಯಾರ್ಥಿಗಳು ಅದ್ದುವ ಹಾಳೆಗಳಲ್ಲಿ ಮೊಟ್ಟೆ ಅಲ್ಲೊಂದು ಇಲ್ಲೊಂದು ಒಡೆಯುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ. “ಶಿಡ್ಲಘಟ್ಟದಲ್ಲಿ ನಿನ್ನ ಕೈಯಲ್ಲಿ ಆದಂಥ ಬೆಳೆ ಮತ್ತೆ ನಾನು ನೋಡಿಲ್ಲ ಎಂದು ದಿನಾ ಇವರಿಗೆ ಹೇಳುತ್ತೇನೆ ಅಕ್ಕ. ಆ ದಿನ ಎಷ್ಟು ನಿಮಿಷ ಅದ್ದಿದ್ದೆ, ತಿಳಿಸು,” ಎಂದು ಕೇಳಿದ್ದಳು.

ಇಂಟರ್‌ನೆಟ್ ಸೆಂಟರಿನಲ್ಲೇ ಉತ್ತರ ಬರೆಯಲು ಕುಳಿತೆ. ಐದು ನಿಮಿಷ ಎಂದು ಬರೆದು ಕಳಿಸಿದೆ. ಪುಸ್ತಕದಲ್ಲಿ ಇರುವುದು ಅಷ್ಟೇ.

ಮರುದಿನವೇ ಉತ್ತರ ಬಂದಿತ್ತು. “ನಾವೂ ಐದೇ ನಿಮಿಷ ಅದ್ದುತ್ತೇವೆ ಅಕ್ಕ. ಇನ್ನೇನಾದರೂ ಮಾಡಿದ್ದೆಯಾ? ನೆನಪು ಮಾಡಿಕೊಂಡು ಹೇಳು, ಮಕ್ಕಳು ಕಾಯುತ್ತಿದ್ದಾರೆ.”

ಆ ಪತ್ರಕ್ಕೆ ನಾನು ಇನ್ನೂ ಉತ್ತರ ಬರೆದಿಲ್ಲ.